ವರದೆಯ ಕಡವಿನಲ್ಲಿ ಐದು ದಿನ



ಹಾನಗಲ್ಲನ್ನು ನಾನು ಕಣ್ಣು ತುಂಬ ನೋಡಿದ್ದು ಒಂದು ಹರಿಗೋಲಿನ ತೊಗಲು ಹರಿದುದರಿಂದ. ಆ ಊರನ್ನು ನೋಡಬೇಕೆಂದು ಹೊರಟವನು ನಾನಲ್ಲ. ನನ್ನ ಗುರಿ ಅಲ್ಲಿಂದ ಮೂಡಣಕ್ಕೆ, ವರದಾ ನದಿಯಾಚೆಯ ಒಂದು ಸಣ್ಣ ಹಳ್ಳಿ. ಹಾನಗಲ್ಲು ಬಸ್ಸು ಬದಲಿಸುವ ಊರು, ಅಷ್ಟೆ. ಆ ಹಳ್ಳಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲವೆಂಬುದು ಮಾತು ಮುಗಿಯುವ ಹೊತ್ತಿಗೆ ತಮಗೆ ತಿಳಿದೀತು.

ಅದು 1983ರ ಆಷಾಢದ ಕೊನೆ. ಎಂ.ಎ. ಮುಗಿಸಿ ಸಂಶೋಧನೆಗೆ ತೊಡಗಿ ಒಂದು ವರ್ಷವಾಗಿತ್ತು. ವಿಷಯ: ವರದಾ ತೀರದ ಹೆಣ್ಣುಮಕ್ಕಳ ಕಥನಗೀತಗಳು. ಹಿಂದಿನ ಬೇಸಗೆಯಲ್ಲಿ, ವರದೆ ಮೊಳಕಾಲುಮಟ್ಟ ಇದ್ದಾಗ, ಪಂಚೆ ಎತ್ತಿ ಕಟ್ಟಿ ನದಿ ಹಾಯ್ದು ಆ ಹಳ್ಳಿಗೆ ಹೋಗಿದ್ದೆ. ಅಲ್ಲಿ ಎಪ್ಪತ್ತು ದಾಟಿದ ಒಬ್ಬ ತಾಯಿ ಬೀಸುವ ಕಲ್ಲಿನ ಮುಂದೆ ಕುಳಿತು ಒಂದು ದೀರ್ಘವಾದ ಹಾಡನ್ನು ಹಾಡಿದಳು. ಪಂಚಮಿಗೆ ತವರಿಗೆ ಹೊರಟ ಸೊಸೆಯ ಕಥೆ. ಆಕೆ ಹೊಳೆಯ ದಂಡೆಗೆ ಬಂದು ನಿಲ್ಲುವವರೆಗೆ ಹಾಡು ಸಾಗಿತು. ಅಷ್ಟರಲ್ಲಿ ನನ್ನ ಕ್ಯಾಸೆಟ್ಟು ಮುಗಿಯಿತು, ಆಕೆಯ ಹಿಟ್ಟೂ ಮುಗಿಯಿತು. "ಉಳದದ್ದು ಮುಂದಿನ ಸಲ ಬಂದಾಗ ಹಾಡ್ತೀನಿ ಬಾ ಮಗಾ" ಎಂದಳು. ಆ ಉಳಿದ ಅರ್ಧಕ್ಕಾಗಿಯೇ ನಾನು ಆಷಾಢದಲ್ಲಿ ಮತ್ತೆ ಹೊರಟದ್ದು. ವಿಭಾಗದಿಂದ ಎರವಲು ತಂದ ಟೇಪ್ ರೆಕಾರ್ಡರು, ಆರು ಸೆಲ್ಲು, ಎರಡು ಹೊಸ ಕ್ಯಾಸೆಟ್ಟು. ವಾರದೊಳಗೆ ಯಂತ್ರವನ್ನು ತಿರುಗಿ ಒಪ್ಪಿಸತಕ್ಕದ್ದು ಎಂಬ ಕರಾರು.

ವರದೆ ಹುಟ್ಟುವುದು ಸಾಗರ ತಾಲ್ಲೂಕಿನ ವರದಾಮೂಲದಲ್ಲಿ. ಬನವಾಸಿಯನ್ನು ಬಳಸಿ, ಹಾನಗಲ್ಲು ಸೀಮೆಯನ್ನು ಹಾಯ್ದು, ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುತ್ತಾಳೆ. ಹಾನಗಲ್ಲಿನ ಬದಿಯಿಂದ ಬರುವ ಧರ್ಮಾ ನದಿ ಆಕೆಯನ್ನು ಸೇರುವ ಊರಿಗೆ ಕೂಡಲ ಎಂದೇ ಹೆಸರು. ಇದು ಕೃಷ್ಣೆ ಮಲಪ್ರಭೆಯರು ಕೂಡುವ ಬಸವಣ್ಣನವರ ಕೂಡಲಸಂಗಮವಲ್ಲ. ಹೆಸರು ಕೇಳಿ ಹೊರಟವರು ಮೋಸಹೋಗಬಾರದು. ಬೇಸಗೆಯಲ್ಲಿ ವರದೆಯನ್ನು ಕಂಡವರು ಅದನ್ನು ನದಿಯೆಂದು ಕರೆಯಲು ಅನುಮಾನಿಸುತ್ತಾರೆ. ಆದರೆ ಮಲೆನಾಡಿನಲ್ಲಿ ನಾಲ್ಕು ದಿನ ಮಳೆ ಹಿಡಿದು ಹೊಡೆದರೆ, ಇಲ್ಲಿ ಬಯಲಿನಲ್ಲಿ ಹನಿಯೂ ಬೀಳದೆ ಹೊಳೆ ಏರುತ್ತದೆ. ನಾನು ಬಸ್ಸಿಳಿದು, ಎರೆಮಣ್ಣಿನಲ್ಲಿ ಒಂದು ಗಂಟೆ ಕಾಲೆಳೆದು ಕಡವಿಗೆ ಬಂದಾಗ ಕಂಡದ್ದು ಅಂಥ ಹೊಳೆ. ಕೆಂಪು ನೀರು, ನಡುವೆ ಉರುಳಿಕೊಂಡು ಬರುವ ಜಾಲಿಯ ಬೊಡ್ಡೆಗಳು. ದಂಡೆಯ ಮೇಲೆ ಹರಿಗೋಲು ಬೋರಲು ಬಿದ್ದಿತ್ತು. ಅದರ ಮಗ್ಗುಲಲ್ಲಿ ಅಂಬಿಗ ಕುಕ್ಕರಗಾಲಲ್ಲಿ ಕುಳಿತು ಬೀಡಿ ಸೇದುತ್ತಿದ್ದ.

"ಹಾಯಸ್ತೀ ಏನು ಕಾಕಾ?" ಎಂದೆ.

ಅವನು ಬಾಯಿಯಿಂದ ಉತ್ತರ ಕೊಡಲಿಲ್ಲ. ನನ್ನ ಕೈ ಹಿಡಿದು ಹರಿಗೋಲಿನ ಅಂಡಿನ ಮೇಲೆ ಇರಿಸಿದ. ಮೊಳದುದ್ದ ತೊಗಲು ಹರಿದು, ಒಳಗಿನ ಬಿದಿರ ದಬ್ಬೆ ಕೈಗೆ ತಾಗಿತು. ಹಿಂದಿನ ಸಂಜೆ ಜೋಳದ ಚೀಲ ತರುವಾಗ ನೀರೊಳಗಿನ ಬೊಡ್ಡೆಯೊಂದು ಸೀಳಿತ್ತಂತೆ.

"ಮೂರು ದಿನ ಬೇಕ್ರಿ ಮಾಸ್ತರ. ಬಿಸಲ ಬಿದ್ರ ಎರಡು."

ಸುತ್ತಿ ಹೋಗುವ ದಾರಿ ಇಲ್ಲವೆಂದಲ್ಲ. ಹಾವೇರಿಗೆ ಬಸ್ಸು ಹಿಡಿದು, ಅಲ್ಲಿಂದ ಆಚೆ ದಂಡೆಯ ಗುಂಟ ನಡೆದು ಆ ಹಳ್ಳಿಯನ್ನು ಸೇರಬಹುದಾಗಿತ್ತು. ಆದರೆ ಅಂದು ನಡುವಿನ ಹಳ್ಳವೊಂದು ತುಂಬಿ ಹಾವೇರಿ ಬಸ್ಸು ನಿಂತಿತ್ತು. ನಾನು ಹಾನಗಲ್ಲಿಗೆ ಹಿಂತಿರುಗಿ, ಪರಿಚಯದ ಶಾಲಾಮಾಸ್ತರರೊಬ್ಬರ ಮನೆಯ ಪಡಸಾಲೆಯಲ್ಲಿ ಹಾಸಿಗೆ ಬಿಚ್ಚಿದೆ. ಈ ಬಸ್ಸಿನ ಮಾತನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು.

ಎರಡನೆಯ ದಿನ ಬೆಳಗಾಯಿತು; ಮಾಡಲು ಕೆಲಸವಿಲ್ಲ. ಮಾಸ್ತರರು "ತಾರಕೇಶ್ವರನ್ನ ನೋಡಿ ಬರ್ರಿ" ಎಂದರು. ನೋಡಿ ಬರುತ್ತೇನೆಂದು ಹೋದವನು ಮಧ್ಯಾಹ್ನದ ಊಟಕ್ಕೂ ಬರಲಿಲ್ಲ.

ಹಾನಗಲ್ಲು ಶಾಸನಗಳ ಪಾನುಂಗಲ್ಲು. ಪಾನುಂಗಲ್ ಐನೂರರ ರಾಜಧಾನಿ, ಚಾಲುಕ್ಯರ ಕೈಕೆಳಗೆ ಕದಂಬರ ಒಂದು ಶಾಖೆ ಆಳಿದ ನೆಲೆ. ಶಾಸನಗಳೇ ಇದನ್ನು ವಿರಾಟನ ಕೋಟೆಯೆಂದೂ ಕರೆದಿವೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲಿಯೇ ಎಂದು ಊರವರ ನಂಬಿಕೆ. ಕುಂತಿಯ ಹೆಸರಿನ ದಿಬ್ಬವೊಂದನ್ನು ಮಾಸ್ತರರ ಮಗ ಕೈಚಾಚಿ ತೋರಿಸಿದ. ತಮ್ಮ ಊರನ್ನು ವಿರಾಟನಗರವೆಂದು ಹೇಳಿಕೊಳ್ಳುವ ಊರುಗಳು ಭಾರತದಲ್ಲಿ ಇನ್ನೂ ಕೆಲವಿವೆ. ಆ ವ್ಯಾಜ್ಯಕ್ಕೆ ನಾನು ಇಳಿಯುವುದಿಲ್ಲ. ಹೆಸರು ಮರೆಸಿಕೊಂಡು ದಿನ ಕಳೆಯಬೇಕಾದವರಿಗೆ ತಕ್ಕ ಊರೆಂದು ಮಾತ್ರ ಆ ದಿನ ನನಗೆ ಅನ್ನಿಸಿತು.

ತಾರಕೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ ಕೆಲಸ. ಹೆನ್ರಿ ಕಸೆನ್ಸರು ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತು 1926ರಲ್ಲಿ ಹೊರತಂದ ದೊಡ್ಡ ಗ್ರಂಥದಲ್ಲಿ ಇದಕ್ಕೆ ಸ್ಥಾನವಿದೆ. ಒಳಗೆ ತಿರುಗಣಿಗೆ ಹಾಕಿ ಕಡೆದಂಥ ಕಂಬಗಳು ನುಣ್ಣಗೆ ಕಪ್ಪಾಗಿ ನಿಂತಿವೆ. ತೊಯ್ದ ಅಂಗಿಯವನ ಮುಖ ಅವುಗಳಲ್ಲಿ ಗಿಡ್ಡಗೆ, ಉದ್ದಗೆ, ಸೊಟ್ಟಗೆ ಕಾಣುತ್ತದೆ. ಆದರೆ ಆ ಗುಡಿಯ ಐಶ್ವರ್ಯ ಇರುವುದು ತಲೆಯ ಮೇಲೆ. ಎಂಟು ಮೂಲೆಯ ದೊಡ್ಡ ಛತ್ತು, ಸುತ್ತಿನ ಮೇಲೆ ಸುತ್ತಾಗಿ ಒಳಸರಿಯುತ್ತ ಏರಿ, ನಡುವೆ ಬೋರಲು ತೂಗುವ ಕಮಲವಾಗುತ್ತದೆ. ನೆಲದ ಮೇಲೆ ಅಂಗಾತ ಮಲಗಿ ಅದನ್ನು ನೋಡಿದೆ. ಅರ್ಚಕರು ಬಂದು ವಿಚಾರಿಸಿದರು. "ಕತ್ತು ನೋಯ್ತದ್ರೀ" ಎಂದೆ. "ಹಂಗಾದ್ರ ಮಲಕೋರಿ, ಅದನ್ನ ನೋಡಾಕ ಅದ ದಾರಿ" ಎಂದು ಹೋದರು.

ಮಲಗಿದಲ್ಲೇ ಒಂದು ವಿಚಿತ್ರ ಹೋಲಿಕೆ ಹೊಳೆಯಿತು. ನಿನ್ನೆ ಹೊಳೆಯ ದಂಡೆಯಲ್ಲಿ ಬೋರಲು ಬಿದ್ದಿದ್ದ ಹರಿಗೋಲಿನ ಹೊಟ್ಟೆಯೊಳಗೆ ತಲೆಯಿಟ್ಟು ನೋಡಿದ್ದೆ. ಅಲ್ಲಿಯೂ ಹೀಗೆಯೇ ದಬ್ಬೆಗಳು ಅಂಚಿನಿಂದ ಒಳಸರಿದು, ಒಂದನ್ನೊಂದು ಹಾಯ್ದು, ನಡುವೆ ಕೂಡಿ ಗಂಟಾಗಿದ್ದವು. ಭಾರವನ್ನು ನಡುವಿನಿಂದ ಅಂಚಿಗೆ ಹಂಚುವ ಯುಕ್ತಿ ಕಲ್ಲುಕುಟಿಗನಿಗೂ ಬುಟ್ಟಿ ಹೆಣೆಯುವವನಿಗೂ ಒಂದೇ ಇರಬಹುದು. ನಾನು ವಾಸ್ತುಶಾಸ್ತ್ರ ಬಲ್ಲವನಲ್ಲ. ತಪ್ಪಿದ್ದರೆ ಬಲ್ಲವರು ತಿದ್ದಲಿ.

ಅದೇ ಆವರಣದಲ್ಲಿ ಎತ್ತರವಾದ ವೀರಗಲ್ಲು ಇದೆ. ಪಟ್ಟಿಕೆಯ ಮೇಲೆ ಪಟ್ಟಿಕೆ, ಆನೆ, ಕಾಲಾಳು, ಹೊಡೆದಾಟ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಈ ಊರಿಗೆ ಮುತ್ತಿಗೆ ಹಾಕಿದ. ಆನೆಕೆರೆಯ ಬಳಿ ಬೀಡು ಬಿಟ್ಟನೆಂದು ಪ್ರತೀತಿ. ಕದಂಬ ಕಾಮದೇವನ ಸೇನಾನಿ ಸೋಹಣಿ ಅವನನ್ನು ಹಿಮ್ಮೆಟ್ಟಿಸಿ, ತಾನು ಮಡಿದ. ಸಂಜೆ ಆನೆಕೆರೆಯ ಏರಿಯ ಮೇಲೆ ನಿಂತಾಗ, ಬಲ್ಲಾಳನ ಕುದುರೆಗಳು ನೀರು ಕುಡಿದ ಜಾಗದಲ್ಲಿ ಎಮ್ಮೆಗಳು ಮಲಗಿದ್ದವು. ಮಳೆ ನಿಂತು ಪಡುವಣದಲ್ಲಿ ಕೆಂಪೇರಿತ್ತು.

ಹಿಂದಿರುಗುವಾಗ ವಿರಕ್ತಮಠದ ಮುಂದೆ ಹಾಯ್ದೆ. ಹಾನಗಲ್ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಕಟ್ಟಿದವರು. ಕಣ್ಣಿಲ್ಲದ ಹುಡುಗನೊಬ್ಬನ ಕಂಠವನ್ನು ಗುರುತಿಸಿ ಅವನಿಗೆ ಸಂಗೀತ ಕಲಿಸಿದವರು. ಆ ಹುಡುಗ ಇದೇ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವನು, ಮುಂದೆ ಪಂಚಾಕ್ಷರಿ ಗವಾಯಿಗಳಾದ. ಗಂಗೂಬಾಯಿಯವರ ಹೆಸರಿನ ಜೊತೆಗೂ ಈ ಊರು ಹೋಗಿ ಲೋಕವನ್ನು ಸುತ್ತಿ ಬಂದಿದೆ. ಹಾಡು ಹುಡುಕಿಕೊಂಡು ಬಂದವನಿಗೆ ಇದೂ ಒಂದು ಸಮಾಧಾನವೇ.

ಮೂರನೆಯ ದಿನವೂ ಬೆಳಗಿನಲ್ಲಿ ಮತ್ತೆ ತಾರಕೇಶ್ವರನಿಗೆ ಹೋದೆ. ಯಾಕೆಂದರೆ, ಶ್ರೋತೃಗಳೆ, ನನಗೆ ಅಲ್ಲಿ ಸುಖವಾಗಿತ್ತು. ಮಧ್ಯಾಹ್ನ ಊಟ ಮಾಡಿ ಕಡವಿಗೆ ಹೊರಟೆ.

ಈಗ ಹರಿಗೋಲಿನ ಮಾತು. ನಾವು ಕನ್ನಡ ಎಂ.ಎ.ದವರು ಹರಿಗೋಲನ್ನು ಬಲ್ಲೆವೆಂದುಕೊಂಡವರು. ದಾಸರ ಪದಗಳಲ್ಲಿ ಅದು ದೇಹ, ಹೊಳೆ ಸಂಸಾರ, ಅಂಬಿಗ ಭಗವಂತ. ಪರೀಕ್ಷೆಯಲ್ಲಿ ಎರಡು ಪುಟ ಬರೆದು ಅಂಕ ಪಡೆದವನು ನಾನು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ನೆನಪನ್ನು ಹೊತ್ತ ಚೌಡದಾನಪುರ ಇದೇ ಸೀಮೆಯಲ್ಲಿ, ರಾಣೆಬೆನ್ನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮೇಲಿದೆ. ಆ ವಚನಕಾರನ ನಿಷ್ಠುರ ಮಾತನ್ನು ಕುರಿತೂ ಬರೆದಿದ್ದೆ. ಆದರೆ ಆ ನಿಷ್ಠುರತೆ ಯಾವ ಕಾಯಕದಿಂದ ಬಂದಿರಬಹುದೆಂದು ಯೋಚಿಸಿರಲಿಲ್ಲ. ಹರಿಗೋಲಿಗೆ ಎಷ್ಟು ತೊಗಲು ಬೇಕು, ಅದನ್ನು ಯಾವ ಮಗ್ಗುಲಿಂದ ಹೊಲಿಯಬೇಕು ಎಂದು ಯಾರಾದರೂ ಕೇಳಿದ್ದರೆ ಮೌನವೇ ನನ್ನ ಉತ್ತರವಾಗುತ್ತಿತ್ತು.

ಅಂಬಿಗ ಗುಡಿಸಲ ಮಾಡಿನ ಕೆಳಗೆ ಕೆಲಸ ನಡೆಸಿದ್ದ. ಕೋಣನ ತೊಗಲಿನ ತುಂಡೊಂದನ್ನು ಎರಡು ದಿನದಿಂದ ನೀರಿನಲ್ಲಿ ನೆನೆಹಾಕಿದ್ದ. ಅದು ಹಪ್ಪಳದಂತಿದ್ದದ್ದು ಈಗ ರೊಟ್ಟಿಯ ಹಿಟ್ಟಿನಂತೆ ಮೆತ್ತಗಾಗಿತ್ತು. ಹರಿದ ಬಾಯಿಯ ಅಂಚನ್ನು ಕುಡುಗೋಲಿನಿಂದ ಹೆರೆದು ಸಮ ಮಾಡಿ, ತೇಪೆಯನ್ನು ಹೊರಮಗ್ಗುಲಿಗೆ ಹೊದಿಸಿದ. ಒಳಗಿನಿಂದ ಹಾಕಿದರೆ ಏನು, ಎಂದು ಕೇಳಿದೆ. "ಒಳಗ ಹಾಕಿದ್ರ ನೀರು ಅದನ್ನ ನೂಕತೈತ್ರಿ. ಹೊರಗ ಹಾಕಿದ್ರ ನೀರ ಒತ್ತಿ ಹಿಡೀತೈತಿ" ಎಂದ. ದಬ್ಬಣದಿಂದ ತೂತು ಮಾಡಿ, ತೊಗಲ ಬಾರನ್ನು ಹಾಯಿಸಿ, ಹಲ್ಲಿನಿಂದ ಎಳೆದು ಬಿಗಿದ. ಪ್ರತಿ ತೂತಿಗೂ ಕಾಯಿಸಿದ ಡಾಂಬರಿನ ಚುಕ್ಕೆ.

ಆ ಹೊತ್ತಿಗಾಗಲೇ ಬಹುಮಂದಿ ತೊಗಲನ್ನು ಬಿಟ್ಟು ಡಾಂಬರು ಬಳಿದ ಗೋಣಿತಟ್ಟಿಗೆ, ಪ್ಲಾಸ್ಟಿಕ್ ಹಾಳೆಗೆ ತಿರುಗಿದ್ದರು. ತೊಗಲು ತುಟ್ಟಿ. ಅದಕ್ಕೆ ದಿನವೂ ಉಪಚಾರ ಬೇಕು: ಪ್ರತಿ ಸಂಜೆ ನೀರಿನಿಂದ ಎತ್ತಿ ಬೋರಲು ಹಾಕದಿದ್ದರೆ ಕೊಳೆಯುತ್ತದೆ, ಬಿಸಿಲಿನಲ್ಲಿ ಬಹಳ ಹೊತ್ತು ಬಿಟ್ಟರೆ ಬಿರಿಯುತ್ತದೆ, ನಡುನಡುವೆ ಎಣ್ಣೆ ಉಣಿಸಬೇಕು. ಆದರೆ ಕಲ್ಲಿಗೆ ತಾಗಿದಾಗ ತೊಗಲು ಬಾಗುತ್ತದೆ, ತಟ್ಟು ಹರಿಯುತ್ತದೆ. ಇದು ಅವನ ವಾದ. ಮೊಳದುದ್ದ ಸೀಳಿದ್ದ ತೊಗಲನ್ನು ಕಣ್ಣೆದುರು ಇಟ್ಟುಕೊಂಡೇ ಅವನು ಹೀಗೆ ವಾದಿಸಿದ್ದು ನನಗೆ ತಮಾಷೆಯಾಗಿ ತೋರಿತು. "ತಟ್ಟು ಆಗಿದ್ರ ನಿನ್ನೆ ನಡುನೀರಾಗ ಇರ್ತಿದ್ವಿ" ಎಂದು ಅವನು ನಗಲಿಲ್ಲ.

ಈ ದೋಣಿ ಬಹಳ ಹಳೆಯದು. ಗ್ರೀಕರ ಹೆರೊಡೋಟಸ್ ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಬ್ಯಾಬಿಲೋನಿನ ನದಿಯಲ್ಲಿ ಗುರಾಣಿಯಂತೆ ದುಂಡಗಿರುವ ತೊಗಲ ದೋಣಿಗಳನ್ನು ವರ್ಣಿಸಿದ್ದಾನೆ. ಮೇಲಿನ ಸೀಮೆಯಿಂದ ಸರಕಿನ ಜೊತೆ ಒಂದು ಕತ್ತೆಯನ್ನೂ ಏರಿಸಿಕೊಂಡು ತೇಲಿ ಬರುತ್ತಿದ್ದರಂತೆ. ಊರು ಮುಟ್ಟಿದ ಮೇಲೆ ದೋಣಿಯ ಕಟ್ಟಿಗೆಯನ್ನು ಮಾರಿ, ತೊಗಲನ್ನು ಮಾತ್ರ ಕತ್ತೆಯ ಬೆನ್ನಿಗೆ ಹೇರಿ, ನೆಲದ ದಾರಿಯಿಂದ ಹಿಂದಿರುಗುತ್ತಿದ್ದರಂತೆ. ನಮ್ಮ ಕಡೆ ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಜ ಡೊಮಿಂಗೊ ಪಾಯೆಸ್, ಒಳಗೆ ಬೆತ್ತ, ಹೊರಗೆ ತೊಗಲು ಇರುವ ಬುಟ್ಟಿಯಂಥ ದೋಣಿಗಳನ್ನು ಕಂಡ. ಹದಿನೈದು ಇಪ್ಪತ್ತು ಜನ ಕೂರುತ್ತಿದ್ದುದನ್ನೂ, ಅವು ನೇರ ಹೋಗಲಾರದೆ ಸುತ್ತುತ್ತ ಸಾಗುವುದನ್ನೂ ಬರೆದಿಟ್ಟ. ನನಗೆ ಹೆಚ್ಚು ಸೊಗಸೆನಿಸುವುದು 1800ರ ಮಳೆಗಾಲದ ಸಂಗತಿ. ಧೋಂಡಿಯಾ ವಾಘನನ್ನು ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿಯ ಇಂಗ್ಲಿಷ್ ಸೈನ್ಯ ಹರಿಹರದಲ್ಲಿ ತುಂಗಭದ್ರೆಯ ದಂಡೆಗೆ ಬಂದು ತಡೆದು ನಿಂತಿತು. ಮುಂದೆ ಹಾವೇರಿ ಸವಣೂರುಗಳ ನಡುವೆ ಇದೇ ವರದೆಯೂ ಅಡ್ಡವಾದಳು. ಆ ಕಾಲದ ಅವನ ಪತ್ರಗಳಲ್ಲಿ ತೋಪುಗಳ ಚಿಂತೆಯ ಜೊತೆಗೆ ಬುಟ್ಟಿದೋಣಿಗಳ ಚಿಂತೆಯೂ ಸೇರಿದೆ. 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಮಹಾಶಯನೂ ಒಮ್ಮೆ ನಮ್ಮ ಬುಟ್ಟಿದೋಣಿಗಾಗಿ ಕಾದವನೇ.

ಇದೆಲ್ಲ ನಾನು ಅನಂತರ ಓದಿದ್ದು. ಆ ಮಧ್ಯಾಹ್ನ ನನ್ನ ತಲೆಯಲ್ಲಿದ್ದುದು ವಿಭಾಗಕ್ಕೆ ಒಪ್ಪಿಸಬೇಕಾದ ಟೇಪ್ ರೆಕಾರ್ಡರು ಮಾತ್ರ. ಹೊಲಿಗೆ ಮುಗಿದದ್ದನ್ನು ಕಂಡು "ಇನ್ನು ಹೊರಡೋಣ" ಎಂದೆ.

ಅಂಬಿಗ ಹರಿಗೋಲನ್ನು ಅಂಗಾತ ಮಾಡಿ ನಾಲ್ಕು ಕಲ್ಲುಗಳ ಮೇಲೆ ಇರಿಸಿದ. ಅವನ ಹೆಂಡತಿ ಆರೆಂಟು ಕೊಡ ನೀರು ಸುರಿದಳು. ಅವನು ಕೆಳಗೆ ಅಂಗಾತ ಮಲಗಿ, ನಾನು ತಾರಕೇಶ್ವರನ ಛತ್ತನ್ನು ನೋಡಿದ ಹಾಗೆಯೇ, ಹರಿಗೋಲಿನ ತಳವನ್ನು ಬಹಳ ಹೊತ್ತು ನೋಡಿದ. ಎರಡು ಕಡೆ ಹನಿ ಮೂಡಿತು. ಸುಣ್ಣದ ಗುರುತು ಹಾಕಿದ. ನೀರು ಚೆಲ್ಲಿ, ಮತ್ತೆ ಬೋರಲು ಮಾಡಿ, ಆ ಎರಡು ಹೊಲಿಗೆಗಳನ್ನು ಬಿಚ್ಚಿದ.

"ಇಷ್ಟ ಹನಿಗೆ ಏನಾಗ್ತದ? ಇಪ್ಪತ್ತು ನಿಮಿಷದ ಹಾದಿ. ನಾ ಒಳಗ ಕೂತು ನೀರು ಚೆಲ್ತೀನಿ" ಎಂದೆ. ಅವನು ತೊಗಲು ಹಸಿಯಿದೆ ಎಂದ. ಹಸಿ ತೊಗಲು ನೀರಿಗೆ ಬಿದ್ದರೆ ಹಿಗ್ಗುತ್ತದೆ, ಬಾರು ಸಡಿಲುತ್ತದೆ. ಒಣಗುತ್ತ ಒಣಗುತ್ತ ತಾನಾಗಿ ಬಿಗಿದುಕೊಳ್ಳಬೇಕು. ಬೆಂಕಿಯ ಮುಂದೆ ಹಿಡಿದರೆ ಸುರುಟಿ, ದಬ್ಬೆಯನ್ನೂ ಎಳೆದು ಮುರಿಯುತ್ತದೆ. ಬಿಸಿಲಿಲ್ಲ; ಕುಳ್ಳಿನ ಹೊಗೆಯೇ ಗತಿ; ಇನ್ನೂ ಎರಡು ದಿನ. ನಾನು ದುಪ್ಪಟ್ಟು ಕೂಲಿ ಕೊಡುತ್ತೇನೆಂದೆ. ಅವನು ದಂಡೆಯ ಕಡೆ ಕೈ ತೋರಿದ. ಅಲ್ಲೊಂದು ಕರಿಗಲ್ಲು ನೆತ್ತಿಯಷ್ಟೇ ಕಾಣುವಂತೆ ಮುಳುಗಿತ್ತು. ಆ ಕಲ್ಲಿನ ಹೆಗಲು ಕಾಣುವ ತನಕ ಹೊಸ ಹರಿಗೋಲನ್ನೂ ಇಳಿಸುವುದಿಲ್ಲವೆಂಬುದು ಅವನ ತಂದೆಯ ಕಾಲದಿಂದ ಬಂದ ಕಟ್ಟಳೆ.

ಆಗ ನಾನು ಆಡಬಾರದ ಮಾತು ಆಡಿದೆ. ಅವನ ಹೆಂಡತಿ ಮಕ್ಕಳ ಮುಂದೆ, ಏರಿದ ದನಿಯಲ್ಲಿ, "ಇದು ಬರೇ ಮೈಗಳ್ಳತನ" ಎಂದೆ.

ಅವನು ದಬ್ಬಣವನ್ನು ನೆಲದ ಮೇಲಿಟ್ಟು ಕೇಳಿದ: "ಮಾಸ್ತರ, ನಿಮಗ ಈಸು ಬರ್ತೈತೇನ್ರಿ?"

"ಇಲ್ಲ."

"ನನಗ ಬರ್ತೈತ್ರಿ. ಅದಕ್ಕ ನಾ ಒಲ್ಲೆ ಅನ್ನೋದು. ಹರಗೋಲ ಮುಳುಗಿದ್ರ ನಾ ಉಳೀತೀನಿ. ಉಳದು ನಿಮ್ಮ ಅವ್ವಗ ಏನಂತ ಹೇಳ್ಲಿ?"

ನಾನು ಮರುಮಾತಾಡಲಿಲ್ಲ. ಕ್ಷಮೆಯನ್ನೂ ಕೇಳಲಿಲ್ಲ. ಮಳೆ ಹಿಡಿದದ್ದರಿಂದ ಆ ರಾತ್ರಿ ಅಲ್ಲೇ ತಂಗಬೇಕಾಯಿತು. ಅವನ ಹೆಂಡತಿ ಬಿಸಿ ರೊಟ್ಟಿ, ಪುಂಡಿಪಲ್ಲೆ ಬಡಿಸಿದಳು. ನನ್ನ ಮಾತು ಕೇಳಿಯೇ ಇಲ್ಲವೆಂಬಂತೆ "ಇನ್ನರ್ಧ ಹಾಕ್ಕೋರಿ" ಎಂದಳು. ನಾಲ್ಕನೆಯ ದಿನವಿಡೀ ಹೊಗೆಯ ಮುಂದೆ ಕುಳಿತೆವು. ಮಾತಿಗೆ ಮಾತು ಬಂದು ಅವನು ತನ್ನ ಕಸುಬಿನ ಹೆಸರುಗಳನ್ನು ಒಂದೊಂದಾಗಿ ಹೇಳಿದ. ದಬ್ಬೆಯಲ್ಲಿ ಎಷ್ಟು ಬಗೆ, ಹೆಣಿಗೆಯ ಸುತ್ತುಗಳಿಗೆ ಯಾವ ಯಾವ ಹೆಸರು, ಹೊಳೆಯ ಸೆಳವಿನಲ್ಲಿ ಎಷ್ಟು ವಿಧ, ಸುಳಿ ತಿರುಗುವ ಮೊದಲು ನೀರಿನ ಮೇಲೆ ಕಾಣುವ ಗೆರೆಗೆ ಏನೆನ್ನುತ್ತಾರೆ. ನಲವತ್ತಕ್ಕೆ ಕಡಿಮೆಯಿಲ್ಲ. ನನ್ನ ಮಗ್ಗುಲಲ್ಲಿ ಟೇಪ್ ರೆಕಾರ್ಡರು ಇತ್ತು, ಅದರಲ್ಲಿ ಆರು ಹೊಸ ಸೆಲ್ಲು ಇದ್ದವು. ಅದು ಹಾಡಿಗಾಗಿ ತಂದ ಯಂತ್ರ. ಮಾತಿಗಾಗಿ ಸೆಲ್ಲು ಖರ್ಚು ಮಾಡುವುದು ನನ್ನ ಮನಸ್ಸಿಗೆ ಬರಲಿಲ್ಲ. ಕೆಲವು ಶಬ್ದಗಳನ್ನು ಬಸ್ಸಿನ ಟಿಕೀಟುಗಳ ಬೆನ್ನಿಗೆ ಗೀಚಿಕೊಂಡೆ. ಅವುಗಳಲ್ಲಿ ಹನ್ನೊಂದು ಉಳಿದಿವೆ. ಮದರಾಸಿನ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ ಎಂಬ ಇಂಗ್ಲಿಷರು ನಮ್ಮ ಹರಿಗೋಲುಗಳನ್ನು ನೋಡಿ, ಹೆಣಿಗೆಯ ಬಗೆಗಳನ್ನು ಬರೆದು ಹೋಗಿದ್ದಾರೆ. ಆ ಭಾಷೆಯಲ್ಲೇ ಹುಟ್ಟಿದವನು, ಆ ಹೊಗೆಯ ಮುಂದೆಯೇ ಕುಳಿತವನು, ಹನ್ನೊಂದು ಶಬ್ದಗಳ ಒಡೆಯ.

ಐದನೆಯ ದಿನ ಬೆಳಿಗ್ಗೆ ಕರಿಗಲ್ಲಿನ ಹೆಗಲು ಕಂಡಿತು. ಮತ್ತೆ ಕೊಡ ನೀರು ಸುರಿದ, ಹನಿ ಮೂಡಲಿಲ್ಲ. ಅಂಚಿಗೆ ಎಣ್ಣೆಯ ಬಟ್ಟೆ ಆಡಿಸಿ, ಹೊಳೆಗೆ ಕುಂಕುಮ ಹಾಕಿ, ಹರಿಗೋಲನ್ನು ಇಳಿಸಿದ. ನನ್ನನ್ನು ನಡುವೆ ಕೂರಿಸಿ, ಯಂತ್ರವನ್ನು ತನ್ನ ಕಂಬಳಿಯಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟ. ಹುಟ್ಟನ್ನು ಮುಂದೆ ಹಾಕಿ ತನ್ನ ಕಡೆಗೆ ಎಳೆದುಕೊಳ್ಳುತ್ತ, ನೀರಿನೊಡನೆ ಜಗಳವಾಡದೆ, ಸುತ್ತುತ್ತ ಸುತ್ತುತ್ತ, ಇಳಿಯಬೇಕಾದ ಜಾಗಕ್ಕಿಂತ ಎರಡು ಫರ್ಲಾಂಗು ಕೆಳಗೆ ಮುಟ್ಟಿಸಿದ. ಕೂಲಿ ಒಂದೂವರೆ ರೂಪಾಯಿ. ದುಪ್ಪಟ್ಟು ಕೊಡಹೋದೆ, ತೆಗೆದುಕೊಳ್ಳಲಿಲ್ಲ.

ಹಳ್ಳಿಯಲ್ಲಿ ಆ ತಾಯಿ ಇರಲಿಲ್ಲ. ಕಿರಿಮಗಳ ಬಾಣಂತನಕ್ಕೆಂದು ಅಳಿಯ ಹಿಂದಿನ ದಿನವೇ ಚಕ್ಕಡಿ ಕಟ್ಟಿಕೊಂಡು ಬಂದು ಕರೆದೊಯ್ದಿದ್ದ. ಯಾವ ಊರಿಗೆ, ಎಂದು ಕೇಳಿದೆ; ರಾಣೆಬೆನ್ನೂರಿನ ಆಚೆ ಎಂದರು. ಯಂತ್ರದ ಗಡುವು ಮುಗಿದಿತ್ತು. ಮರುವರ್ಷ ನನಗೆ ದೂರದಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷದ ಮೇಲೆ ಬಂದಾಗ ಆಕೆ ತೀರಿಕೊಂಡಿದ್ದಳು. ಆಕೆಯ ಹೆಣ್ಣುಮಕ್ಕಳಿಗೆ ಆ ಹಾಡು ನಾಲ್ಕಾರು ನುಡಿಗಿಂತ ಹೆಚ್ಚು ಬರುತ್ತಿರಲಿಲ್ಲ. ಸೊಸೆ ಹೊಳೆಯ ದಂಡೆಯಲ್ಲಿ ನಿಂತಿದ್ದಾಳೆ, ಹಾಡು ಅಲ್ಲಿಗೇ ನಿಂತಿದೆ. ನನ್ನ ಪ್ರಬಂಧದಲ್ಲಿ ಅಚ್ಚಾಗಿರುವುದು ಅಷ್ಟೆ.

ಆ ಪ್ರಬಂಧ ಪುಸ್ತಕವಾದಾಗ ಅರಿಕೆಯಲ್ಲಿ ಗುರುಗಳಿಗೆ, ಗೆಳೆಯರಿಗೆ, ಅಚ್ಚುಮೊಳೆ ಜೋಡಿಸಿದವರಿಗೆ ಕೃತಜ್ಞತೆ ಹೇಳಿ, ಒಂದು ವಾಕ್ಯ ಬರೆದೆ. "ಕಡವಿನ ಅಂಬಿಗನ ಅಲಕ್ಷ್ಯದಿಂದಾಗಿ ಈ ಗೀತೆಯ ಉತ್ತರಾರ್ಧ ದೊರೆಯದೆ ಹೋಯಿತು." ಸಾಲಿನ ಕೆಳಗೆ ಊರಿನ ಹೆಸರು, ಕಡವಿನ ಹೆಸರು ಎರಡನ್ನೂ ಕೊಟ್ಟೆ. ಕಡವಿಗೆ ಅಂಬಿಗ ಒಬ್ಬನೇ. ಓದಬಲ್ಲವರೆಲ್ಲರಿಗೂ ಅದು ಯಾರೆಂದು ತಿಳಿಯುತ್ತಿತ್ತು.

ಈಗ ಬಸ್ಸಿನ ಮಾತು. ಆ ದಿನ ಹಳ್ಳಿಯ ಕಟ್ಟೆಯ ಮೇಲೆ ಕುಳಿತವರೊಬ್ಬರು ಕೇಳಿದರು: "ಹೊಳಿಗುಂಟ ಯಾಕ ಬಂದ್ರಿ? ಮೊನ್ನಿಯಿಂದ ಹಾವೇರಿ ಬಸ್ಸು ಬಿಟ್ಟಾರಲ್ಲ?" ಮೊನ್ನೆಯೆಂದರೆ ಮೂರನೆಯ ದಿನ. ಬೆಳಗಿನ ಬಸ್ಸಿಗೆ ಹೊರಟಿದ್ದರೆ ಸಂಜೆಯೊಳಗೆ, ಚಕ್ಕಡಿ ಬರುವುದಕ್ಕೆ ಮುಂಚೆ, ನಾನು ಆ ತಾಯಿಯ ಪಡಸಾಲೆಯಲ್ಲಿರುತ್ತಿದ್ದೆ. ನಿಲ್ದಾಣ ಮಾಸ್ತರರ ಮನೆಯಿಂದ ಹತ್ತು ನಿಮಿಷದ ದಾರಿ. ನಾನು ವಿಚಾರಿಸಲಿಲ್ಲ. ಆ ಬೆಳಗು ನಾನು ಅಂಗಾತ ಮಲಗಿ ಕಲ್ಲಿನ ಕಮಲವನ್ನು ನೋಡುತ್ತಿದ್ದೆ. ಇದು ಗೊತ್ತಿದ್ದೂ, ಆರು ವರ್ಷ ಕಳೆದ ಮೇಲೆ ಪುಸ್ತಕ ಅಚ್ಚಾಗುವಾಗ, ಆ ವಾಕ್ಯವನ್ನು ಬರೆದೆ. ಪರೀಕ್ಷಕರು ಮೌಖಿಕದಲ್ಲಿ "ಉತ್ತರಾರ್ಧವೆಲ್ಲಿ?" ಎಂದು ಕೇಳಿದಾಗ ಅದೇ ಉತ್ತರ ಕೊಟ್ಟು ಪಾರಾಗಿದ್ದೆ, ಒಮ್ಮ ಹೇಳಿದ್ದನ್ನು ಬರೆಯುವುದು ಸುಲಭ.

ಮರೆತೇ ಹೋಗಿದ್ದ ಸಂಗತಿ. ಕಳೆದ ವರ್ಷ ಸಂಶೋಧನೆ ನಡೆಸಿರುವ ಹುಡುಗಿಯೊಬ್ಬಳು ದೂರವಾಣಿಯಲ್ಲಿ ಕೇಳಿದಳು: "ಸರ್, ಆ ಅಲಕ್ಷ್ಯ ಮಾಡಿದ ಅಂಬಿಗನ ಹೆಸರೇನು? ನನ್ನ ಅಧ್ಯಾಯದಲ್ಲಿ ಅಡಿಟಿಪ್ಪಣಿ ಕೊಡಬೇಕು." ನನ್ನ ವಾಕ್ಯವನ್ನು ಅವಳು ಆಗಲೇ ಎತ್ತಿ ಬರೆದುಕೊಂಡಿದ್ದಳು.

ನಾನು ಆ ಕಡವಿಗೆ ಹೋದೆ. ಆಗ ಧಾರವಾಡ ಜಿಲ್ಲೆಯಾಗಿದ್ದದ್ದು 1997ರಿಂದ ಹಾವೇರಿ ಜಿಲ್ಲೆ. ಕಡವಿದ್ದಲ್ಲಿ ಈಗ ಸೇತುವೆ ಇದೆ. ಅಂಬಿಗ ತೀರಿಕೊಂಡು ಹದಿನೈದು ವರ್ಷವಂತೆ. ಮಗ ಹೊಲ ಮಾಡಿಕೊಂಡಿದ್ದಾನೆ, ಮೆಕ್ಕೆಜೋಳ ಬೆಳೆಯುತ್ತಾನೆ. ನಾನು ಪುಸ್ತಕ ತೆರೆದು ಆ ಸಾಲನ್ನು ಓದಿ ಹೇಳಿ, ನಡೆದದ್ದನ್ನೂ ಹೇಳಿದೆ. ಅವನು ಪುಸ್ತಕವನ್ನು ಕೈಗೆ ತೆಗೆದುಕೊಂಡು, ಆ ಪುಟದ ಮೇಲೆ ಬೆರಳಿಟ್ಟು ಸುಮ್ಮನಿದ್ದ. ಆಮೇಲೆ, "ಅಪ್ಪಗ ಓದಾಕ ಬರ್ತಿದ್ದಿಲ್ರಿ, ಚಲೋ ಆತು" ಎಂದ. ಹಿತ್ತಲಿನಲ್ಲಿ ಹರಿಗೋಲಿನ ಬಿದಿರ ಗೂಡು ಬೋರಲಾಗಿ ಇತ್ತು. ತೊಗಲಿಲ್ಲ. ಒಳಗೆ ಕೋಳಿಗಳಿದ್ದವು. ಹುಟ್ಟು ಇನ್ನೂ ಮಾಡಿನ ಜಂತೆಯಲ್ಲಿ ಸಿಕ್ಕಿಸಿದ ಹಾಗೆಯೇ ಇದೆ.

ಆ ಪುಸ್ತಕಕ್ಕೆ ಎರಡನೆಯ ಮುದ್ರಣ ಬರಲಿಲ್ಲ, ಬರುವಂತೆಯೂ ಇಲ್ಲ. ಪ್ರತಿಗಳು ಗ್ರಂಥಾಲಯಗಳಲ್ಲಿ ಇವೆ. ಇದನ್ನು ಕೇಳುತ್ತಿರುವವರಲ್ಲಿ ಯಾರ ಬಳಿಯಾದರೂ ಅದು ಇದ್ದರೆ, ಅರಿಕೆಯ ಕೊನೆಯ ಪುಟದಲ್ಲಿ ಕೆಳಗಿನಿಂದ ನಾಲ್ಕನೆಯ ವಾಕ್ಯವನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ಹೀಗೆ ಬರೆದುಕೊಳ್ಳಬೇಕು: "ಆ ವಾರ ವರದೆ ತುಂಬಿತ್ತು, ಹರಿಗೋಲಿನ ತೊಗಲು ಒಣಗಿರಲಿಲ್ಲ, ಅಂಬಿಗ ಹಾಯಿಸಲಿಲ್ಲ. ಮೂರನೆಯ ದಿನ ಬಸ್ಸು ಇತ್ತು, ಸಂಗ್ರಾಹಕ ಹೋಗಲಿಲ್ಲ."